ಯಾವ ಜೀನ್ ಪರೀಕ್ಷೆ, ಮೊದಲು ಯಾರಿಗೆ? ಸ್ತನ ಕ್ಯಾನ್ಸರ್ ಕಂಡ ಕುಟುಂಬಗಳಿಗೆ ಒಂದು ಹೋಲಿಕೆ

ತಾಯಿಗೆ ಸ್ತನ ಕ್ಯಾನ್ಸರ್ ಆಗಿದೆ. ಮಗಳಿಗೆ ಮೂವತ್ತೋ ಮೂವತ್ತೈದೋ, ಆರೋಗ್ಯವಾಗಿದ್ದಾಳೆ. ಅವಳು ಕೇಳುವುದು ಒಂದೇ ಪ್ರಶ್ನೆ: "ನಾನು ಯಾವ ಟೆಸ್ಟ್ ಮಾಡಿಸಲಿ?" ಒಂದೆರಡು ಜೀನ್ ನೋಡುವುದೋ, ಎಂಬತ್ತು ಜೀನ್ ನೋಡುವುದೋ, ಮನೆಗೇ ಬರುವ ಎಂಜಲಿನ ಕಿಟ್ಟೋ? ಹೋಲಿಕೆಗೆ ಇಳಿಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಲ್ಲಿ ಮೊದಲು ಪರೀಕ್ಷೆ ಆಗಬೇಕಾದವರು ಮಗಳಲ್ಲ, ತಾಯಿ. ಪರೀಕ್ಷೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಯಾರ ರಕ್ತ ಮೊದಲು ಲ್ಯಾಬಿಗೆ ಹೋಯಿತು ಎನ್ನುವುದರ ಮೇಲೆ ಉತ್ತರದ ಬೆಲೆ ನಿಂತಿರುತ್ತದೆ. ಏಕೆಂದು ಮುಂದೆ ಬರುತ್ತದೆ; ಈ ಬರಹದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲೇ.

ಬಳುವಳಿಯಾಗಿ ಬರುವುದು ಏನು

ಸ್ತನ ಕ್ಯಾನ್ಸರ್ ಬಂದವರಲ್ಲಿ ಒಂದೇ ಒಂದು ಬಲವಾದ ಜೀನ್ ದೋಷ ಕಾರಣವಾಗಿರುವುದು ನೂರಕ್ಕೆ 5ರಿಂದ 10 ಮಂದಿಯಲ್ಲಿ. 2001ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕದಲ್ಲಿ, ಈ ಕಾಯಿಲೆ ಬಂದ ಒಂಬತ್ತು ಮಹಿಳೆಯರಲ್ಲಿ ಎಂಟು ಮಂದಿಯ ತಾಯಿಗಾಗಲಿ, ಅಕ್ಕತಂಗಿಗಾಗಲಿ, ಮಗಳಿಗಾಗಲಿ ಅದು ಇರಲಿಲ್ಲ ಎಂದು ತಿಳಿಯಿತು. "ನಮ್ಮ ಮನೆತನದಲ್ಲೇ ಇಲ್ಲ, ನನಗೆಲ್ಲಿಂದ ಬರುತ್ತೆ" ಎನ್ನುವ ಧೈರ್ಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಅತ್ತ ತಾಯಿಗೋ ಒಡಹುಟ್ಟಿದವಳಿಗೋ ಬಂದಿದ್ದರೆ ಅಪಾಯ ಸರಿಸುಮಾರು ಎರಡು ಪಟ್ಟಾಗುತ್ತದೆ. ಎರಡು ಪಟ್ಟು ಎಂದರೆ ಬಂದೇ ಬರುತ್ತದೆ ಎಂದಲ್ಲ.

ಆನುವಂಶಿಕ ವ್ಯತ್ಯಾಸಗಳು ಒಂದೇ ತೂಕದವಲ್ಲ. ಒಂದು ತುದಿಯಲ್ಲಿ ಅಪರೂಪದ, ಆದರೆ ಭಾರೀ ಪರಿಣಾಮದ ದೋಷಗಳಿವೆ. ಇನ್ನೊಂದು ತುದಿಯಲ್ಲಿ ನಮ್ಮೆಲ್ಲರಲ್ಲೂ ಇರುವ ನೂರಾರು ಸಣ್ಣ ಸಣ್ಣ ಅಕ್ಷರ ವ್ಯತ್ಯಾಸಗಳಿವೆ. ಒಂದೊಂದಾಗಿ ನೋಡಿದರೆ ಲೆಕ್ಕಕ್ಕೇ ಇಲ್ಲ, ಎಲ್ಲ ಒಂದೇ ಕಡೆ ಸೇರಿದರೆ ತೂಕ ಬರುತ್ತದೆ. ನಡುವೆ ಮಧ್ಯಮ ತೂಕದ ಒಂದು ಗುಂಪು.

ಭಾರೀ ಗುಂಪಿನ ಹೆಸರುಗಳು ಎಲ್ಲರೂ ಕೇಳಿರುವಂಥವು: ಬಿಆರ್‌ಸಿಎ1, ಬಿಆರ್‌ಸಿಎ2. ಮೊದಲನೆಯದು 17ನೇ ಕ್ರೋಮೋಸೋಮಿನಲ್ಲಿದೆ ಎಂದು 1990ರಲ್ಲಿ ತೋರಿಸಿದವರು ಮೇರಿ-ಕ್ಲೇರ್ ಕಿಂಗ್ ಮತ್ತು ಅವರ ತಂಡ. ಸ್ತನ ಕ್ಯಾನ್ಸರಿನಂಥ ಸಾಮಾನ್ಯ ಕಾಯಿಲೆಯ ಹಿಂದೆ ಒಂದೇ ಜೀನ್ ಇರಬಹುದೆಂದು ಆಗ ನಂಬುತ್ತಿದ್ದವರು ಕಡಿಮೆ. 1994ರಲ್ಲಿ ಜೀನೇ ಸಿಕ್ಕಿತು; ಮರುವರ್ಷ 13ನೇ ಕ್ರೋಮೋಸೋಮಿನಲ್ಲಿ ಎರಡನೆಯದು. ಇವು ಕ್ಯಾನ್ಸರ್ ತರುವ ಜೀನ್‌ಗಳು ಎಂದು ಬಾಯಿಮಾತಿಗೆ ಹೇಳುತ್ತೇವಲ್ಲ, ಅದು ತಪ್ಪು. ಇವು ಕ್ಯಾನ್ಸರ್ ತಡೆಯುವ ಜೀನ್‌ಗಳು. ಡಿಎನ್‌ಎಯ ಎರಡೂ ಎಳೆ ಒಟ್ಟಿಗೆ ತುಂಡಾದಾಗ ಅದನ್ನು ತಪ್ಪಿಲ್ಲದೆ ಜೋಡಿಸುವ ಕೆಲಸ ಇವುಗಳದ್ದು. ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಸ್ಟೆಪ್ನಿ ಇಲ್ಲದೆ ದೂರದೂರಿಗೆ ಹೊರಟ ಗಾಡಿಯ ಹಾಗೆ: ಪಂಕ್ಚರ್ ಆಗದಿದ್ದರೆ ನೆಮ್ಮದಿಯಾಗಿ ತಲುಪುತ್ತದೆ, ಆದರೆ ಒಂದೇ ಒಂದು ಮೊಳೆ ಸಾಕು. ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯ ಪ್ರತಿಯೂ ಹೋದಾಗ ಅಲ್ಲಿ ರಿಪೇರಿ ನಿಂತು, ತಪ್ಪುಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ.

ಹಾಗಾದರೆ ಅಪಾಯ ಎಷ್ಟು? ಈ ದೋಷವಿದ್ದ ಹತ್ತಿರ ಹತ್ತಿರ 10,000 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ1ಕ್ಕೆ ಶೇ 72, ಬಿಆರ್‌ಸಿಎ2ಕ್ಕೆ ಶೇ 69. ಅಂಡಾಶಯದ ಕ್ಯಾನ್ಸರಿಗೆ ಕ್ರಮವಾಗಿ ಶೇ 44 ಮತ್ತು ಶೇ 17. ಸ್ತನದ ಅಂಕಿಗಳು ಅಕ್ಕಪಕ್ಕದಲ್ಲಿವೆ, ಅಂಡಾಶಯದವು ಎಷ್ಟು ದೂರ ನೋಡಿ. ಎರಡೂ ಒಂದೇ ಎಂದು ಭಾವಿಸಿ ನಿರ್ಧಾರ ಮಾಡುವವರು ಇಲ್ಲಿಯೇ ಎಡವುತ್ತಾರೆ. ವಯಸ್ಸಿನಲ್ಲೂ ವ್ಯತ್ಯಾಸವಿದೆ: ಬಿಆರ್‌ಸಿಎ1ರ ಅಪಾಯ ಮೂವತ್ತರ ಹೊತ್ತಿಗೇ ಏರತೊಡಗುತ್ತದೆ, ಬಿಆರ್‌ಸಿಎ2ರದು ಕೆಲವು ವರ್ಷ ತಡವಾಗಿ.

2013ರಲ್ಲಿ ನಟಿ ಏಂಜಲಿನಾ ಜೋಲಿ ತಮಗೆ ಶೇ 87 ಅಪಾಯವಿದೆ ಎಂದು ವೈದ್ಯರು ಹೇಳಿದ್ದಾಗಿ ಬರೆದಿದ್ದರು. ಆ ಅಂಕಿ ಇಂದಿಗೂ ಹಲವರ ತಲೆಯಲ್ಲಿ ಕೂತಿದೆ. ಹಳೆಯ ಅಂದಾಜುಗಳು ಹುಟ್ಟಿದ್ದು ತಲೆತಲಾಂತರಕ್ಕೂ ಕ್ಯಾನ್ಸರ್ ತುಂಬಿದ್ದ ಕುಟುಂಬಗಳನ್ನು ಆರಿಸಿ ನೋಡಿದ್ದರಿಂದ. ಅಂಥ ಮನೆಗಳಲ್ಲಿ ಅಪಾಯ ಹೆಚ್ಚೇ ಕಾಣುತ್ತದೆ.

ಮಧ್ಯದ ಗುಂಪಿನಲ್ಲಿ ಪಾಲ್‌ಬಿ2 ಅನ್ನು ಬೇರೆಯಾಗಿಯೇ ನೋಡಬೇಕು. ಹೆಸರು ಕೇಳಿದವರು ಕಡಿಮೆ, ಆದರೆ 80 ವರ್ಷದೊಳಗೆ ಸುಮಾರು ಶೇ 53ರಷ್ಟು ಅಪಾಯವಿರುವ ಇದು ಬಿಆರ್‌ಸಿಎಗಳ ನೆರೆಯ ಜೀನ್ ಎನ್ನಬಹುದು. ಕೆಲಸದಲ್ಲೂ ಜೊತೆಗಾರನೇ, ಬಿಆರ್‌ಸಿಎ2 ಪ್ರೋಟೀನಿಗೆ ಅಂಟಿಕೊಂಡೇ ದುಡಿಯುತ್ತದೆ. ಚೆಕ್2 ಮತ್ತು ಎಟಿಎಂ (ಹಣ ತೆಗೆಯುವ ಯಂತ್ರವಲ್ಲ, ರಿಪೋರ್ಟಿನಲ್ಲಿ ಈ ಹೆಸರು ಕಂಡು ನಕ್ಕವರಿದ್ದಾರೆ) ಅಪಾಯವನ್ನು ಎರಡು ಪಟ್ಟಿನ ಆಸುಪಾಸಿಗೆ ಏರಿಸುತ್ತವೆ, ಜೀವಮಾನದ ಲೆಕ್ಕದಲ್ಲಿ ಶೇ 20ರಿಂದ 30. ಟಿಪಿ53 ತೀರಾ ಅಪರೂಪ, ಆದರೆ ಅದರದು ಬೇರೆಯೇ ಕಥೆ: ಸ್ತನವಲ್ಲದೆ ಮೂಳೆ, ಮಿದುಳು, ಸ್ನಾಯುಗಳಲ್ಲೂ, ಬಾಲ್ಯದಿಂದಲೇ ಕ್ಯಾನ್ಸರ್ ಬರಬಹುದು.

ಐದು ದಾರಿಗಳು

*ಕುಟುಂಬದ ಚರಿತ್ರೆ.* ಬಿಡಿಗಾಸು ಖರ್ಚಿಲ್ಲದ, ಆದರೆ ಜನ ಅತ್ಯಂತ ಉದಾಸೀನ ಮಾಡುವ ದಾರಿ ಇದು. ಹಾಳೆಯ ಮೇಲೆ ಮೂರು ತಲೆಮಾರು ಬರೆಯಬೇಕು: ಯಾರಿಗೆ, ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ. ಐವತ್ತಕ್ಕೆ ಮೊದಲೇ ಬಂದ ಸ್ತನ ಕ್ಯಾನ್ಸರ್, ಎರಡೂ ಸ್ತನಗಳಲ್ಲಿ ಬಂದದ್ದು, ಹಾರ್ಮೋನು ಗ್ರಾಹಕಗಳೂ (ಹಾರ್ಮೋನು ಬಂದು ಕೂರುವ ಪ್ರೋಟೀನ್‌ಗಳು) ಹರ್2 ಎಂಬ ಪ್ರೋಟೀನ್ ಕೂಡ ಹೆಚ್ಚಾಗಿ ಇಲ್ಲದ ಟ್ರಿಪಲ್ ನೆಗೆಟಿವ್ ಗೆಡ್ಡೆ, ಯಾವ ವಯಸ್ಸಿನದೇ ಆದರೂ ಅಂಡಾಶಯದ ಕ್ಯಾನ್ಸರ್, ಗಂಡಸಿಗೆ ಬಂದ ಸ್ತನ ಕ್ಯಾನ್ಸರ್. ಇವುಗಳಲ್ಲಿ ಒಂದು ಕಂಡರೂ ಜೀನ್ ಪರೀಕ್ಷೆಯ ಮಾತು ಎತ್ತಬೇಕು.

ಬರೆಯುವಾಗ ನಮ್ಮ ಭಾಷೆಯೇ ಒಂದು ಗುಂಡಿ ತೋಡಿಟ್ಟಿದೆ. "ಅತ್ತೆಗೆ ಕ್ಯಾನ್ಸರ್ ಆಗಿತ್ತು" ಎಂದರೆ ಯಾವ ಅತ್ತೆ? ಅಪ್ಪನ ಅಕ್ಕತಂಗಿಯಾದರೆ ರಕ್ತಸಂಬಂಧ, ಲೆಕ್ಕಕ್ಕೆ ಬರುತ್ತದೆ. ಸೋದರಮಾವನ ಹೆಂಡತಿಯೋ ಗಂಡನ ತಾಯಿಯೋ ಆದರೆ ಸಾಮಾನ್ಯವಾಗಿ ಬರುವುದಿಲ್ಲ. ಚಿಕ್ಕಮ್ಮ, ದೊಡ್ಡಮ್ಮನೂ ಹಾಗೆಯೇ: ತಾಯಿಯ ಒಡಹುಟ್ಟಿದವರೋ, ಚಿಕ್ಕಪ್ಪ ದೊಡ್ಡಪ್ಪಂದಿರ ಹೆಂಡತಿಯರೋ? ವೈದ್ಯರ ಮುಂದೆ "ಅಪ್ಪನ ತಂಗಿ", "ಅಮ್ಮನ ಅಕ್ಕ" ಎಂದೇ ಬಿಡಿಸಿ ಹೇಳಿ. ಅಪ್ಪನ ಕಡೆಯನ್ನು ಮರೆಯುವುದಂತೂ ಬೇಡವೇ ಬೇಡ. ದೋಷವಿರುವ ಜೀನನ್ನು ತಂದೆಯೂ ಅಷ್ಟೇ ಸಲೀಸಾಗಿ, ಪ್ರತಿ ಮಗುವಿಗೂ ಶೇ 50ರ ಸಂಭವದಲ್ಲಿ, ದಾಟಿಸುತ್ತಾನೆ. ಅಪ್ಪನಿಗೆ ಒಬ್ಬ ತಂಗಿಯೂ ಇಲ್ಲದೆ ಬರೀ ಅಣ್ಣತಮ್ಮಂದಿರೇ ಇದ್ದರೆ ಜೀನ್ ಎರಡು ತಲೆಮಾರು ಸದ್ದಿಲ್ಲದೆ ಸಾಗಿ ಬಂದಿರಬಹುದು.

ಈ ಚರಿತ್ರೆಯನ್ನು ಅಂಕಿಯಾಗಿಸುವ ಲೆಕ್ಕಾಚಾರಗಳೂ ಇವೆ. ಗೇಲ್ ಮಾದರಿ ತಾಯಿ, ಅಕ್ಕತಂಗಿ, ಮಗಳನ್ನು ಮಾತ್ರ ನೋಡುತ್ತದೆ. ಅಪ್ಪನ ಕಡೆಯ ಅಜ್ಜಿ, ಅತ್ತೆ ಅದಕ್ಕೆ ಕಾಣುವುದೇ ಇಲ್ಲ. ಟೈರರ್-ಕ್ಯೂಸಿಕ್ ಮಾದರಿ ಮತ್ತು ಕ್ಯಾನ್‌ರಿಸ್ಕ್ ಎಂಬ ಸಾಧನದ ಹಿಂದಿರುವ ಬೊಡಿಸಿಯಾ ಮಾದರಿ ಎರಡೂ ಕಡೆಯನ್ನು ನೋಡುತ್ತವೆ. ಕುಟುಂಬದಲ್ಲಿ ಕ್ಯಾನ್ಸರ್ ಇದ್ದವರಿಗೆ ನನ್ನ ಆಯ್ಕೆ ಈ ಎರಡರಲ್ಲೊಂದು.

*ಒಂದೇ ದೋಷವನ್ನು ಹುಡುಕುವ ಪರೀಕ್ಷೆ.* ಮನೆಯಲ್ಲಿ ಒಬ್ಬರಲ್ಲಿ ನಿರ್ದಿಷ್ಟ ದೋಷ ಈಗಾಗಲೇ ಸಿಕ್ಕಿದ್ದರೆ, ಉಳಿದವರಲ್ಲಿ ಅದೇ ಜಾಗವನ್ನು ಮಾತ್ರ ನೋಡಿದರೆ ಆಯಿತು. ಉತ್ತರ ಇದೆ ಅಥವಾ ಇಲ್ಲ, ನಡುವೆ ಗೊಂದಲವಿಲ್ಲ. ಐದರಲ್ಲಿ ಅತ್ಯಂತ ಸ್ವಚ್ಛ ಉತ್ತರ ಕೊಡುವುದು ಇದೇ. ತಾಯಿಯ ಕಡೆ ಒಂದು ದೋಷ ಗೊತ್ತಿದ್ದು ತಂದೆಯ ಕಡೆಯೂ ಕ್ಯಾನ್ಸರ್ ಇದ್ದರೆ ಮಾತ್ರ ಇಷ್ಟಕ್ಕೇ ನಿಲ್ಲಬಾರದು; ಆಗ ಪ್ಯಾನೆಲ್ ಬೇಕು.

*ಪ್ಯಾನೆಲ್.* ಹಲವು ಜೀನ್‌ಗಳನ್ನು ಒಟ್ಟಿಗೆ ಓದುವುದು. 2013ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪ್ರಕೃತಿಯಲ್ಲಿ ಇರುವ ಡಿಎನ್‌ಎಗೆ ಪೇಟೆಂಟ್ ಸಲ್ಲದು ಎಂದು ತೀರ್ಪು ಕೊಟ್ಟ ಮೇಲೆ ಬಿಆರ್‌ಸಿಎ ಪರೀಕ್ಷೆ ಒಂದೇ ಕಂಪನಿಯ ಕೈಯಿಂದ ಬಿಡುಗಡೆಯಾಗಿ ಅಲ್ಲಿ ಪ್ಯಾನೆಲ್‌ಗಳು ಬೆಳೆದವು, ಬೆಲೆಯೂ ಇಳಿಯಿತು. ಇಂದು ಕ್ಯಾನ್ಸರ್ ಬಂದವರಿಗೆ ಸಾಮಾನ್ಯವಾಗಿ ಸೂಚಿಸುವುದು ಇದನ್ನೇ.

ಆದರೆ ಎಷ್ಟು ದೊಡ್ಡ ಪ್ಯಾನೆಲ್? ಎಂಬತ್ತು ಜೀನ್ ಹತ್ತಕ್ಕಿಂತ ಒಳ್ಳೆಯದೆಂದು ಯಾರಿಗಾದರೂ ಅನ್ನಿಸುವುದು ಸಹಜ. 2021ರಲ್ಲಿ 1,13,000ಕ್ಕೂ ಹೆಚ್ಚು ಮಹಿಳೆಯರ 34 ಜೀನ್‌ಗಳನ್ನು ಓದಿದ ದೊಡ್ಡ ಅಧ್ಯಯನ ಬೇರೆಯೇ ಮಾತು ಹೇಳಿತು. ಮಾರಾಟವಾಗುತ್ತಿದ್ದ ಪ್ಯಾನೆಲ್‌ಗಳಲ್ಲಿದ್ದ ಆ ಜೀನ್‌ಗಳ ಪೈಕಿ ಸ್ತನ ಕ್ಯಾನ್ಸರಿನೊಂದಿಗೆ ಗಟ್ಟಿ ನಂಟು ಕಂಡದ್ದು ಒಂಬತ್ತಕ್ಕೆ ಮಾತ್ರ: ಬಿಆರ್‌ಸಿಎ1, ಬಿಆರ್‌ಸಿಎ2, ಪಾಲ್‌ಬಿ2, ಚೆಕ್2, ಎಟಿಎಂ, ಬಾರ್ಡ್1, ರ‍್ಯಾಡ್51ಸಿ, ರ‍್ಯಾಡ್51ಡಿ, ಟಿಪಿ53. ಇವಲ್ಲದೆ ಪಿಟೆನ್, ಸಿಡಿಎಚ್1, ಎಸ್‌ಟಿಕೆ11 ಎಂಬ ಅಪರೂಪದವು ಬೇರೆ ಲಕ್ಷಣಗಳಿರುವ ವಿಶೇಷ ಕಾಯಿಲೆಗಳಲ್ಲಿ ಬರುತ್ತವೆ. ಸ್ತನ ಕ್ಯಾನ್ಸರ್ ಮಟ್ಟಿಗೆ ಹೇಳುವುದಾದರೆ ಹನ್ನೆರಡರ ಸುತ್ತಮುತ್ತಲ ಪ್ಯಾನೆಲ್ ಸಾಕು.

ಜೀನ್ ಹೆಚ್ಚಾದಷ್ಟೂ ಹೆಚ್ಚುವುದು ಇನ್ನೊಂದಿದೆ: ಅರ್ಥ ತಿಳಿಯದ ವ್ಯತ್ಯಾಸಗಳು. ವೈದ್ಯರ ಬಾಯಲ್ಲಿ ವಿಯುಎಸ್. ಅಕ್ಷರವೊಂದು ಬದಲಾಗಿದೆ, ಅದು ಹಾನಿಯೋ ಅಲ್ಲವೋ ಹೇಳಲು ಪುರಾವೆ ಸಾಲದು ಎಂದರ್ಥ. ಕಾಲಕ್ರಮದಲ್ಲಿ ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ. ವಿಯುಎಸ್ ನಂಬಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಾರದು, ಮನೆಯವರನ್ನೆಲ್ಲ ಅದಕ್ಕಾಗಿ ಪರೀಕ್ಷೆಗೆ ಎಳೆಯಲೂ ಬಾರದು. ಇದರಲ್ಲಿ ನಾನು ಹಟಮಾರಿ. ಆ ಮೂರಕ್ಷರ ಓದಿ ನಿದ್ದೆಗೆಟ್ಟವರಿಗೆ ಸಿಗಬೇಕಾದ ಸಲಹೆ ಒಂದೇ: ಸದ್ಯಕ್ಕೆ ಅದು ರಿಪೋರ್ಟಿನಲ್ಲಿ ಇಲ್ಲವೆಂದೇ ನಡೆದುಕೊಳ್ಳಿ, ನಿಮ್ಮ ಕುಟುಂಬದ ಚರಿತ್ರೆ ಏನು ಹೇಳುತ್ತದೋ ಅದರಂತೆ ತಪಾಸಣೆ ಮಾಡಿಸಿಕೊಳ್ಳಿ.

ಲ್ಯಾಬಿಗೆ ಕೇಳಲೇಬೇಕಾದ ಒಂದು ಪ್ರಶ್ನೆ: ಜೀನಿನ ದೊಡ್ಡ ತುಂಡೇ ಬಿಟ್ಟುಹೋಗಿದ್ದರೆ ಅಥವಾ ಎರಡೆರಡು ಸಲ ಬಂದಿದ್ದರೆ ನಿಮ್ಮ ಪರೀಕ್ಷೆ ಹಿಡಿಯುತ್ತದೆಯೇ? ಅಕ್ಷರಗಳನ್ನು ಮಾತ್ರ ಓದುವ ಹಳೆಯ ಪರೀಕ್ಷೆಗಳು ಇದನ್ನು ಕಾಣುತ್ತಿರಲಿಲ್ಲ. ಪುಸ್ತಕದಲ್ಲಿ ಒಂದು ಅಧ್ಯಾಯವೇ ಕಿತ್ತುಹೋಗಿದ್ದರೂ ಇರುವ ಪುಟಗಳಲ್ಲಿ ಕಾಗುಣಿತ ತಪ್ಪಿಲ್ಲವೆಂದು ಸರ್ಟಿಫಿಕೇಟ್ ಕೊಟ್ಟ ಹಾಗೆ. ಹಲವು ವರ್ಷಗಳ ಹಿಂದೆ "ನೆಗೆಟಿವ್" ಬಂದಿದ್ದ ಕುಟುಂಬಗಳು ಮತ್ತೊಮ್ಮೆ ವಿಚಾರಿಸಬೇಕಾದದ್ದು ಇದಕ್ಕೇ. ರಕ್ತದ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ: ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ರಕ್ತ ಕೊಟ್ಟರೆ ಓದುವುದು ದಾನಿಯ ಜೀನ್! ಅವರಿಗೆ ಚರ್ಮದ ತುಣುಕಿನಿಂದ ಪರೀಕ್ಷೆ ಆಗಬೇಕು.

*ಪಾಲಿಜೆನಿಕ್ ಸ್ಕೋರ್.* ಆ ನೂರಾರು ಸಣ್ಣ ವ್ಯತ್ಯಾಸಗಳನ್ನು ಕೂಡಿ ಒಂದೇ ಅಂಕಿ ಮಾಡುವುದು. ಹೆಚ್ಚು ಬಳಕೆಯಲ್ಲಿರುವುದು 2019ರಲ್ಲಿ ಬಂದ, 313 ತಾಣಗಳನ್ನು ನೋಡುವ ಸ್ಕೋರ್. ಇದರಲ್ಲಿ ತೀರಾ ಮೇಲಿನ ಶೇ 1ರಷ್ಟು ಮಹಿಳೆಯರ ಜೀವಮಾನದ ಅಪಾಯ ಸುಮಾರು ಮೂರನೇ ಒಂದು ಭಾಗ, ಅಂದರೆ ಚೆಕ್2 ದೋಷವಿದ್ದವರಿಗಿಂತ ಕಡಿಮೆಯೇನಲ್ಲ. ಕಲ್ಪನೆಯ ದೃಷ್ಟಿಯಿಂದ ನನಗೆ ಬಹಳ ಇಷ್ಟವಾದದ್ದು ಇದು. ಒಂದೇ ಚೆಕ್2 ದೋಷವಿರುವ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳಿಗೆ ಅಪಾಯ ಹೆಚ್ಚು, ಇನ್ನೊಬ್ಬಳಿಗೆ ಸಾಧಾರಣ ಏಕೆ ಎನ್ನುವುದನ್ನು ಸ್ವಲ್ಪಮಟ್ಟಿಗೆ ವಿವರಿಸುತ್ತದೆ. ಆದರೆ ಕೈಗೆತ್ತಿಕೊಳ್ಳುವ ಮೊದಲು ಒಂದು ಎಚ್ಚರಿಕೆ. ಆ ಸ್ಕೋರ್ ಕಟ್ಟಿದ್ದು ಯುರೋಪ್ ಮೂಲದ ಮಹಿಳೆಯರ ಡಿಎನ್‌ಎಯಿಂದ. ಬೇರೆ ಮೂಲದವರಲ್ಲಿ ಅದರ ಊಹೆ ಅಷ್ಟು ನಿಖರವಲ್ಲ, ಆಫ್ರಿಕಾ ಮೂಲದವರಲ್ಲಂತೂ ಇನ್ನೂ ದುರ್ಬಲ. ನಿಮ್ಮ ಜನಾಂಗಕ್ಕೆ ಹೊಂದಿಸಿ ಪರೀಕ್ಷಿಸಿದ ಸ್ಕೋರ್ ಅಲ್ಲವಾದರೆ ಅದನ್ನು ಕುತೂಹಲದ ಅಂಕಿಯಾಗಿ ಇಟ್ಟುಕೊಳ್ಳಿ, ನಿರ್ಧಾರಕ್ಕಲ್ಲ. ಬಿಆರ್‌ಸಿಎ ಪರೀಕ್ಷೆಗೆ ಬದಲಿಯಾಗಿ ಇದನ್ನು ಮಾಡಿಸುವುದಂತೂ ಅರ್ಥವಿಲ್ಲದ ಕೆಲಸ. ಎರಡೂ ನೋಡುವ ಜಾಗಗಳೇ ಬೇರೆ.

*ಮನೆಗೆ ಬರುವ ಕಿಟ್.* ಬೇಗ ಮುಗಿಸುತ್ತೇನೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಒಂದು ಕಿಟ್‌ಗೆ ಬಿಆರ್‌ಸಿಎ ವರದಿ ಕೊಡಲು ಅನುಮತಿ ಕೊಟ್ಟಾಗ ಅದು ನೋಡುತ್ತಿದ್ದದ್ದು ಮೂರೇ ದೋಷಗಳನ್ನು, ಮೂರೂ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿ ಜನರಲ್ಲಿ ಹೆಚ್ಚಾಗಿ ಕಾಣುವಂಥವು. ಆ ಜನಾಂಗದಲ್ಲಿ ಸುಮಾರು 40ಕ್ಕೆ ಒಬ್ಬರಲ್ಲಿ ಈ ಮೂರರಲ್ಲಿ ಒಂದಿರುತ್ತದೆ. ಬಿಆರ್‌ಸಿಎಗಳಲ್ಲಿ ಹಾನಿಕರ ದೋಷಗಳು ಸಾವಿರಕ್ಕೂ ಹೆಚ್ಚಿವೆ. ಉಳಿದವರಿಗೆ ಆ ಕಿಟ್ಟಿನ "ಇಲ್ಲ" ಎಂಬ ಉತ್ತರಕ್ಕೆ ಕವಡೆ ಕಿಮ್ಮತ್ತಿಲ್ಲ. ಕಿಟ್ಟಿನ ಕಚ್ಚಾ ಮಾಹಿತಿಯನ್ನು ಇನ್ನೊಂದು ಜಾಲತಾಣಕ್ಕೆ ಹಾಕಿ "ದೋಷವಿದೆ" ಎಂದು ಬಂದರೆ ಅದೂ ಅಷ್ಟೇ: ಅದೇ ವರ್ಷ ಲ್ಯಾಬೊಂದು ಹಾಗೆ ಬಂದವರನ್ನು ಮರುಪರೀಕ್ಷೆ ಮಾಡಿದಾಗ ಶೇ 40ರಷ್ಟು ವ್ಯತ್ಯಾಸಗಳು ಸುಳ್ಳು ಎಂದು ಕಂಡವು.

ಈಗ, ಯಾರು ಮೊದಲು

ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿಗೆ 44ರಲ್ಲಿ ಕ್ಯಾನ್ಸರ್ ಆಗಿತ್ತು, ಈಗ ಚೆನ್ನಾಗಿದ್ದಾರೆ. ಮೂವರು ಹೆಣ್ಣುಮಕ್ಕಳು. ಹಿರಿಯವಳು ಧೈರ್ಯಸ್ಥೆ, ತಾನೇ ಹೋಗಿ ಪ್ಯಾನೆಲ್ ಮಾಡಿಸಿಕೊಂಡಳು. ಏನೂ ಸಿಗಲಿಲ್ಲ. ಮನೆಯಲ್ಲಿ ಸಂತೋಷ, ತಂಗಿಯರೂ ನಿರಾಳ.

ಆ ಸಂತೋಷಕ್ಕೆ ಆಧಾರವಿಲ್ಲ. ಹಿರಿಯವಳ "ಇಲ್ಲ" ಎರಡು ಅರ್ಥ ಕೊಡುತ್ತದೆ. ತಾಯಿಯಲ್ಲಿ ದೋಷವಿತ್ತು, ಇವಳಿಗೆ ಬರಲಿಲ್ಲ ಎನ್ನಬಹುದು. ತಾಯಿಯ ಕ್ಯಾನ್ಸರಿಗೆ ಈ ಪ್ಯಾನೆಲ್‌ನಲ್ಲಿ ಇಲ್ಲದ ಬೇರೇನೋ ಕಾರಣವಿದೆ, ಅದು ಇವಳಿಗೂ ಬಂದಿರಬಹುದು ಎಂದೂ ಆಗಬಹುದು. ಎರಡರಲ್ಲಿ ಯಾವುದು ಎಂದು ಹಿರಿಯವಳ ರಕ್ತ ಹೇಳಲಾರದು. ತಂಗಿಯರ ಬಗ್ಗೆಯಂತೂ ಅದು ಏನನ್ನೂ ಹೇಳುವುದಿಲ್ಲ. ಪ್ರತಿಯೊಬ್ಬರದೂ ಬೇರೆ ನಾಣ್ಯ, ಬೇರೆ ಚಿಮ್ಮುವಿಕೆ.

ಅದೇ ಪ್ಯಾನೆಲ್ ಮೊದಲು ತಾಯಿಗೆ ಆಗಿದ್ದರೆ? ಬಿಆರ್‌ಸಿಎ2ರಲ್ಲಿ ದೋಷ ಸಿಕ್ಕಿತು ಎಂದುಕೊಳ್ಳೋಣ. ಈಗ ಮೂವರಿಗೂ ಒಂದೇ ಜಾಗ ನೋಡುವ ಚಿಕ್ಕ ಪರೀಕ್ಷೆ ಸಾಕು. "ಇಲ್ಲ" ಎಂದು ಬಂದವಳ ಅಪಾಯ ಹೆಚ್ಚುಕಡಿಮೆ ಸಾಮಾನ್ಯ ಮಹಿಳೆಯರ ಮಟ್ಟಕ್ಕೆ ಇಳಿಯುತ್ತದೆ. ಅವಳ ಮಕ್ಕಳಿಗೂ ಆ ದೋಷ ಅವಳಿಂದ ಹೋಗಲಾರದು, ತಲೆಮಾರು ಹಾರಿ ಬರುವುದೆಂಬುದಿಲ್ಲ. ತಾಯಿಯಲ್ಲಿ ಏನೂ ಸಿಗದಿದ್ದರೂ ಅದೊಂದು ಮಾಹಿತಿಯೇ: ಮಕ್ಕಳಿಗೆ ತಾಯಿಯ ಕಡೆಯ ಈ ಜೀನ್‌ಗಳ ಪರೀಕ್ಷೆ ಬೇಡ, ಚರಿತ್ರೆ ನೋಡಿ ತಪಾಸಣೆ ನಿರ್ಧರಿಸಿದರಾಯಿತು.

ಸಿಕ್ಕ ದೋಷ ಚೆಕ್2ರಂಥ ಮಧ್ಯಮದ್ದಾದರೆ ಈ ಲೆಕ್ಕ ಸ್ವಲ್ಪ ಸಡಿಲ. ಅಂಥ ಮನೆಗಳಲ್ಲಿ ಆ ಒಂದು ಜೀನೇ ಎಲ್ಲಕ್ಕೂ ಕಾರಣವಾಗಿರುವುದಿಲ್ಲ, ಸಣ್ಣ ವ್ಯತ್ಯಾಸಗಳ ಪಾಲೂ ಇರುತ್ತದೆ. ಹಾಗಾಗಿ ಚೆಕ್2 ದೋಷ ಬಾರದ ಮಗಳನ್ನೂ ಪೂರ್ತಿ ನಿರ್ಭಯಳೆಂದು ಮನೆಗೆ ಕಳಿಸುವಂತಿಲ್ಲ.

ತಾಯಿಗೆ ಇದರಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಇದೆ. ಬಿಆರ್‌ಸಿಎ ದೋಷವಿದ್ದರೆ ಇನ್ನೊಂದು ಸ್ತನದಲ್ಲಿ 20 ವರ್ಷದೊಳಗೆ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ1ಕ್ಕೆ ಸುಮಾರು ಶೇ 40, ಬಿಆರ್‌ಸಿಎ2ಕ್ಕೆ ಶೇ 26. ಅಂಡಾಶಯದ ಪ್ರಶ್ನೆಯೂ ಏಳುತ್ತದೆ. ಔಷಧವೂ ಬದಲಾಗಬಹುದು: ರಿಪೇರಿಯ ಒಂದು ದಾರಿ ಈಗಾಗಲೇ ಮುಚ್ಚಿರುವ ಗೆಡ್ಡೆಯಲ್ಲಿ ಇನ್ನೊಂದು ದಾರಿಯನ್ನೂ ಮುಚ್ಚುವ ಓಲಪರಿಬ್‌ನಂಥ ಮಾತ್ರೆಗಳು ಬಿಆರ್‌ಸಿಎ ದೋಷವಿದ್ದವರಿಗೆಂದೇ ಇವೆ. ಟಿಪಿ53 ದೋಷ ಸಿಕ್ಕರೆ ವಿಕಿರಣ ಚಿಕಿತ್ಸೆಯನ್ನು ಆದಷ್ಟು ತಪ್ಪಿಸಲು ನೋಡುತ್ತಾರೆ, ಏಕೆಂದರೆ ಆ ವಿಕಿರಣವೇ ಹೊಸ ಕ್ಯಾನ್ಸರಿಗೆ ದಾರಿಯಾಗಬಹುದು. ಆದ್ದರಿಂದ ಪರೀಕ್ಷೆ ಶಸ್ತ್ರಚಿಕಿತ್ಸೆಗೆ ಮೊದಲೇ ಆದರೆ ಒಳ್ಳೆಯದು.

ತಾಯಿ ತೀರಿಕೊಂಡಿದ್ದರೆ, ಕ್ಯಾನ್ಸರ್ ಬಂದು ಬದುಕಿರುವ ಇನ್ನೊಬ್ಬ ರಕ್ತಸಂಬಂಧಿ ಯಾರೆಂದು ನೋಡಬೇಕು, ಚಿಕ್ಕ ವಯಸ್ಸಿನಲ್ಲಿ ಬಂದವರಾದರೆ ಹೆಚ್ಚು ಒಳ್ಳೆಯದು. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಆರೋಗ್ಯವಂತ ಮಗಳಿಗೇ ಪ್ಯಾನೆಲ್, ಅದರ "ಇಲ್ಲ" ಅರೆಬರೆ ಉತ್ತರ ಎಂಬ ಅರಿವಿನೊಂದಿಗೆ.

ಗಂಡುಮಕ್ಕಳನ್ನು ಬಿಡಬೇಡಿ. ಬಿಆರ್‌ಸಿಎ2 ದೋಷವಿರುವ ಗಂಡಸಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವ ಶೇ 7ರ ಆಸುಪಾಸು, ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಮತ್ತು ಜೋರಾಗಿ ಬರುವುದೂ ಉಂಟು. 18 ತುಂಬದ ಮಕ್ಕಳಿಗೆ ಬಿಆರ್‌ಸಿಎ ಪರೀಕ್ಷೆ ಮಾಡುವುದಿಲ್ಲ, ಆ ವಯಸ್ಸಿನಲ್ಲಿ ಮಾಡಬೇಕಾದದ್ದೇನೂ ಇಲ್ಲ. ಅವರೇ ದೊಡ್ಡವರಾಗಿ ತೀರ್ಮಾನಿಸಲಿ. ಟಿಪಿ53 ಇದಕ್ಕೆ ಅಪವಾದ.

ದೋಷ ಸಿಕ್ಕಿತು. ಮುಂದೆ?

ಇಲ್ಲಿಂದ ಎರಡನೆಯ ಆಯ್ಕೆ ಶುರು: ಕಣ್ಣಿಟ್ಟು ಕಾಯುವುದು, ಮಾತ್ರೆ, ಶಸ್ತ್ರಚಿಕಿತ್ಸೆ.

ಕಣ್ಣಿಡುವುದೆಂದರೆ ಬಿಆರ್‌ಸಿಎ ದೋಷವಿದ್ದವರಿಗೆ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೋಗ್ರಾಮ್. ಪಾಲ್‌ಬಿ2ಕ್ಕೆ 30ರಿಂದ. ಚೆಕ್2, ಎಟಿಎಂಗೆ 40ರಿಂದ ಮ್ಯಾಮೋಗ್ರಾಮ್, ಎಂಆರ್‌ಐಯನ್ನು 30–35ರಿಂದ ಪರಿಗಣಿಸಬಹುದು. ಮಾರ್ಗಸೂಚಿಗಳು ದೇಶದಿಂದ ದೇಶಕ್ಕೆ ಒಂದೆರಡು ವರ್ಷ ಅತ್ತಿತ್ತ. ಎಂಆರ್‌ಐ ಏಕೆ ಎಂದರೆ ಕಿರಿಯ ಮಹಿಳೆಯರ ಸ್ತನ ದಟ್ಟವಾಗಿರುತ್ತದೆ, ಮ್ಯಾಮೋಗ್ರಾಮಿನಲ್ಲಿ ಅದೂ ಬೆಳ್ಳಗೆ, ಗೆಡ್ಡೆಯೂ ಬೆಳ್ಳಗೆ. ಅಪಾಯ ಹೆಚ್ಚಿರುವವರಲ್ಲಿ ಎಂಆರ್‌ಐ ಹೆಚ್ಚುಕಡಿಮೆ ಎರಡು ಪಟ್ಟು ಕ್ಯಾನ್ಸರ್‌ಗಳನ್ನು ಹಿಡಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆ, ಏನೂ ಇಲ್ಲದಲ್ಲಿ ಏನೋ ಕಂಡು ಸೂಜಿ ಚುಚ್ಚಿಸಿಕೊಳ್ಳುವುದು. ಮುಖ್ಯವಾಗಿ, ಕಣ್ಣಿಡುವುದರಿಂದ ಕ್ಯಾನ್ಸರ್ ಬರುವುದು ತಪ್ಪುವುದಿಲ್ಲ. ಬೇಗ ಸಿಗುತ್ತದೆ ಅಷ್ಟೇ. ಆ "ಅಷ್ಟೇ" ಸಣ್ಣದಲ್ಲ: 11 ದೇಶಗಳ ಮಹಿಳೆಯರನ್ನು ನೋಡಿ 2024ರಲ್ಲಿ ಬಂದ ಅಧ್ಯಯನದಲ್ಲಿ, ಎಂಆರ್‌ಐ ತಪಾಸಣೆಯಲ್ಲಿದ್ದ ಬಿಆರ್‌ಸಿಎ1 ಮಹಿಳೆಯರು ಸ್ತನ ಕ್ಯಾನ್ಸರಿನಿಂದ ಸಾಯುವ ಪ್ರಮಾಣ ತಪಾಸಣೆಯಲ್ಲಿಲ್ಲದವರಿಗಿಂತ ತೀರಾ ಕಡಿಮೆಯಿತ್ತು.

ಮಾತ್ರೆಯಲ್ಲಿ ಹಳೆಯದು ಟಮಾಕ್ಸಿಫೆನ್. 1998ರ ದೊಡ್ಡ ಪ್ರಯೋಗದಲ್ಲಿ ಐದು ವರ್ಷ ತೆಗೆದುಕೊಂಡ, ಅಪಾಯ ಹೆಚ್ಚಿದ್ದ ಮಹಿಳೆಯರಲ್ಲಿ ಕ್ಯಾನ್ಸರ್ ಅರ್ಧದಷ್ಟು ಇಳಿದಿತ್ತು. ಆದರೆ ಅದು ತಡೆಯುವುದು ಹಾರ್ಮೋನು ಗ್ರಾಹಕವಿರುವ ಗೆಡ್ಡೆಗಳನ್ನು. ಬಿಆರ್‌ಸಿಎ2, ಚೆಕ್2 ದೋಷವಿದ್ದವರಿಗೆ ಹೆಚ್ಚಾಗಿ ಬರುವುದು ಅಂಥವೇ, ಹಾಗಾಗಿ ಅವರಿಗೆ ಇದು ಯೋಚಿಸಬೇಕಾದ ದಾರಿ. ಬಿಆರ್‌ಸಿಎ1ರಲ್ಲಿ ಬರುವವು ಬಹುಪಾಲು ಟ್ರಿಪಲ್ ನೆಗೆಟಿವ್. ಅವರು ಈ ಮಾತ್ರೆಯ ಮೇಲೆ ಭಾರ ಹಾಕಿ ಕೂರುವುದನ್ನು ನಾನು ಒಪ್ಪಲಾರೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಟಮಾಕ್ಸಿಫೆನ್ ಸಲ್ಲದು, ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಣ್ಣ ಅಪಾಯವೂ ಇದೆ. ಮುಟ್ಟು ನಿಂತವರಿಗೆ ರಾಲಾಕ್ಸಿಫೆನ್, ಅನಾಸ್ಟ್ರಜೋಲ್‌ನಂಥ ಬೇರೆ ಆಯ್ಕೆಗಳುಂಟು.

ಎರಡೂ ಸ್ತನ ತೆಗೆಸುವುದು ಅಪಾಯವನ್ನು ಶೇ 90 ಅಥವಾ ಅದಕ್ಕೂ ಹೆಚ್ಚು ಇಳಿಸುತ್ತದೆ. ಪೂರ್ತಿ ಸೊನ್ನೆಯಾಗುವುದಿಲ್ಲ, ಎಷ್ಟೇ ಮಾಡಿದರೂ ಸ್ವಲ್ಪ ಅಂಗಾಂಶ ಉಳಿಯುತ್ತದೆ. ಬಿಆರ್‌ಸಿಎ, ಪಾಲ್‌ಬಿ2, ಟಿಪಿ53ಕ್ಕೆ ಇದು ಚರ್ಚೆಗೆ ಬರುವ ಆಯ್ಕೆ. ಚೆಕ್2ರ ಶೇ 20–30 ಅಪಾಯಕ್ಕೆ, ಕುಟುಂಬದಲ್ಲಿ ಬೇರೆ ಬಲವಾದ ಕಾರಣವಿಲ್ಲದೆ, ಇದು ಅತಿಯಾಯಿತು ಎನ್ನುವುದು ನನ್ನ ಅಭಿಪ್ರಾಯ. ಮರಳಿ ಬಾರದ ಸ್ಪರ್ಶಜ್ಞಾನ, ಹಾಲೂಡಿಸಲು ಆಗದಿರುವುದು, ಮತ್ತೆ ಮತ್ತೆ ಮಾಡಿಸಬೇಕಾಗಬಹುದಾದ ಮರುರಚನೆಯ ಶಸ್ತ್ರಕ್ರಿಯೆಗಳು, ಇವನ್ನೆಲ್ಲ ಮೊದಲೇ ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು. ಅವಸರವೇನೂ ಇಲ್ಲ. ಎಂಆರ್‌ಐ ಮಾಡಿಸುತ್ತ ಮಕ್ಕಳಾದ ಮೇಲೆ ತೀರ್ಮಾನಿಸುವವರು ಬಹಳ ಮಂದಿ, ಎಂದೂ ಮಾಡಿಸಿಕೊಳ್ಳದವರೂ ಇದ್ದಾರೆ.

ಸ್ತನದಲ್ಲಿ ಹೀಗೆ ಆಯ್ಕೆ ಇದೆ. ಅಂಡಾಶಯದಲ್ಲಿ ಇಲ್ಲ, ಇದನ್ನು ಒತ್ತಿ ಹೇಳಲೇಬೇಕು. ಸ್ಕ್ಯಾನಿಂಗ್ ಆಗಲಿ, ಸಿಎ-125 ರಕ್ತ ಪರೀಕ್ಷೆಯಾಗಲಿ ಅಂಡಾಶಯದ ಕ್ಯಾನ್ಸರನ್ನು ನಂಬುವಷ್ಟು ಬೇಗ ಹಿಡಿಯುವುದಿಲ್ಲ. ಆದ್ದರಿಂದ ಮಕ್ಕಳು ಸಾಕು ಎಂದಾದ ಮೇಲೆ ಬಿಆರ್‌ಸಿಎ1ಕ್ಕೆ 35–40ರಲ್ಲಿ, ಬಿಆರ್‌ಸಿಎ2ಕ್ಕೆ 40–45ರಲ್ಲಿ ಅಂಡಾಶಯ ಮತ್ತು ಅಂಡನಾಳ ತೆಗೆಸಲು ಸಲಹೆ ಕೊಡುತ್ತಾರೆ. ಅಪಾಯ ಶೇ 80ರಷ್ಟು ಇಳಿಯುತ್ತದೆ. ಮುಟ್ಟು ಹಠಾತ್ತಾಗಿ ನಿಲ್ಲುವುದು, ಮೂಳೆ ಸವೆಯುವುದು ಇದರ ಕಷ್ಟಗಳು. ಸ್ತನದ ಬಗ್ಗೆ ವರ್ಷಗಟ್ಟಲೆ ಯೋಚಿಸಿ ಅಂಡಾಶಯವನ್ನು ಮರೆತೇಬಿಡುವುದು ಕಾಣಸಿಗುವ ತಪ್ಪು. ಮೊದಲು ನೋಡಬೇಕಾದದ್ದು ಅದನ್ನೇ.

ಮದುವೆ, ಮಕ್ಕಳ ಯೋಜನೆಯಲ್ಲಿರುವವರಿಗೆ ಒಂದು ಸಂಗತಿ: ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ಅಥವಾ ಇಬ್ಬರಲ್ಲೂ ಪಾಲ್‌ಬಿ2 ದೋಷವಿದ್ದರೆ, ಎರಡೂ ಕಡೆಯಿಂದ ಪಡೆದ ಮಗುವಿಗೆ ಫ್ಯಾಂಕೋನಿ ರಕ್ತಹೀನತೆ ಎಂಬ ಗಂಭೀರ ಕಾಯಿಲೆ ಬರಬಹುದು. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಈ ಸಂಭವ ಹೆಚ್ಚು, ಸಂಗಾತಿಗೂ ಪರೀಕ್ಷೆ ಮಾಡಿಸುವುದು ಲೇಸು.

ಪರೀಕ್ಷೆಗೆ ಸಹಿ ಹಾಕುವ ಮೊದಲು ವಿಮೆಯ ನಿಯಮ ವಿಚಾರಿಸಿ, ಅದು ಒಂದೊಂದು ದೇಶದಲ್ಲಿ ಒಂದೊಂದು ತರಹ. ಫಲಿತಾಂಶ ಬಂದಾಗ ಬರೀ "ಬಿಆರ್‌ಸಿಎ ಪಾಸಿಟಿವ್" ಎಂಬ ಬಾಯಿಮಾತಿಗೆ ತೃಪ್ತರಾಗದೆ ಪೂರ್ತಿ ರಿಪೋರ್ಟಿನ ಪ್ರತಿ ಇಸಿದುಕೊಳ್ಳಿ. ಅದರಲ್ಲಿ ಜೀನಿನ ಹೆಸರಿನ ಪಕ್ಕ ಅಕ್ಷರ, ಅಂಕಿ ಸೇರಿದ ಒಂದು ಉದ್ದನೆಯ ಸಂಕೇತ ಇರುತ್ತದೆ. ನಿಮ್ಮ ತಂಗಿಯ ಲ್ಯಾಬಿಗೆ, ಅಣ್ಣನ ಮಗಳ ಲ್ಯಾಬಿಗೆ ಬೇಕಾಗುವುದು ಆ ಒಂದು ಸಾಲು. ವಿಯುಎಸ್ ಬಂದಿದ್ದರೂ ಅದನ್ನು ಎತ್ತಿಡಿ, ಎರಡು ಮೂರು ವರ್ಷಕ್ಕೊಮ್ಮೆ ಲ್ಯಾಬಿಗೆ ಫೋನು ಮಾಡಿ ತೀರ್ಮಾನ ಬದಲಾಗಿದೆಯೇ ಎಂದು ಕೇಳಿ. ಬದಲಾಗಿದ್ದರೂ ತಾವಾಗಿಯೇ ಹೇಳುವ ಲ್ಯಾಬ್‌ಗಳಿವೆ, ಹೇಳದವೂ ಇವೆ.